ಭಾವನ ಸಿಸ್ಟಮ್ಮಿನಲ್ಲಿ ಅಪ್ಪ ತೀರಿಕೊಂಡದ್ದು

ನಮ್ಮಪ್ಪ ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ನನ್ನ ಗಡ್ಡ ಅರ್ಧ ಮಾತ್ರ ತೆಗೆದಾಗಿತ್ತು. ಎಡಗೆನ್ನೆ ನುಣ್ಣಗೆ, ಬಲಗೆನ್ನೆಯ ಮೇಲೆ ಸೋಪಿನ ನೊರೆ. ಮಂಗಳವಾರ ನಮ್ಮ ಲೈಬ್ರರಿಗೆ ರಜ. ವಾರಕ್ಕೊಮ್ಮೆಯಾದರೂ ಮನುಷ್ಯರ ಹಾಗೆ ಕಾಣೋಣವೆಂದು ಮಂಗಳವಾರವೂ ಬಾಗಿಲು ಹಾಕದ ಬೀದಿ ತುದಿಯ ಸಲೂನಿಗೆ ಹೋಗಿ ಕೂತಿದ್ದೆ. ತೊಡೆಯ ಮೇಲಿದ್ದ ಫೋನು ‘ಟಿಣ್’ ಅಂದಿತು. ಅದೇ ಗಳಿಗೆಗೆ ಸಲೂನಿನವನ ಜೇಬಿನಲ್ಲಿದ್ದ ಫೋನೂ ‘ಟಿಣ್’ ಅಂದಿತು. ಇಬ್ಬರೂ ಒಟ್ಟಿಗೇ ಓದಿದೆವು.

‘ಸೂಚನೆ. ಒಂದನೇ ಘಟಕ (ವಾಚ್ ರಿಪೇರಿ ಯಜಮಾನರು, ಎರಡನೇ ಮಹಡಿ) ಮೃತ. ಅವರ ಕೆಲಸಗಳನ್ನು ಎರಡನೇ ಘಟಕಕ್ಕೆ ವಹಿಸಲಾಗಿದೆ. ಸೇವೆಯಲ್ಲಿ ಯಾವ ವ್ಯತ್ಯಯವೂ ಇಲ್ಲ. ಈ ಸೂಚನೆ ತಲುಪಿದ್ದರೆ “ತಲುಪಿತು” ಎಂದು ಉತ್ತರಿಸಿ.’

ಸಲೂನಿನವನ ಕೈಯಲ್ಲಿದ್ದ ಕತ್ತಿ ನನ್ನ ಕಿವಿಯ ಹತ್ತಿರ ನಡುಗತೊಡಗಿತು. ಸದ್ಯ, ಒಂದೇ ಮನೆಯಲ್ಲಿ ಎರಡು ಸಾವು ಆಗಬಾರದೆಂಬ ವಿವೇಕ ಅವನಿಗಿತ್ತು, ಕತ್ತಿಯನ್ನು ಕೆಳಗಿಟ್ಟ.

“ಸಾರ್, ನಿನ್ನೆ ಸಾಯಂಕಾಲ ಇಲ್ಲೇ ಕೂತು ನನ್ನ ಗೋಡೆ ಗಡಿಯಾರಕ್ಕೆ ಬೈದು ಹೋದ್ರಲ್ಲ ಸಾರ್! ಎಷ್ಟು ಚೆನ್ನಾಗಿ ಬೈದ್ರು!”

ನಾನು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಓಡಿದೆ. ಆ ಮೆಸೇಜಿನಲ್ಲಿ ‘ಘಟಕ’ ಯಾಕೆ ಬಂತು, ‘ಸೇವೆ’ ಯಾಕೆ ಬಂತು ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಅಪ್ಪ ಸತ್ತರೆಂದು ಓದಿದವನು ವಾಕ್ಯರಚನೆ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಕಣ್ಣು ಮಂಜಾಗಿ ಎದುರಿಗೆ ಬಂದ ಸೈಕಲ್ಲಿಗೆ ಡಿಕ್ಕಿ ಹೊಡೆದೆ. ಸೈಕಲ್ಲಿನವನು ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ, ಬೈಗುಳ ನುಂಗಿಕೊಂಡು ಹೊರಟುಹೋದ.

ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ನೆಲಮಹಡಿಯ ದರ್ಜಿ ಅಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತು ಗೊಳೋ ಎನ್ನುತ್ತಿದ್ದರು.

“ಹೋಗಿಬಿಟ್ರಂತಲ್ಲಪ್ಪಾ! ದೇವರಂಥ ಮನುಷ್ಯ! ನಮ್ಮನೆಯವರ ವಾಚು ಮೂರು ವಾರದಿಂದ ಅವರ ಹತ್ರಾನೇ ಇತ್ತು!”

ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ನಮ್ಮಪ್ಪ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು.

“ಯಾಕೋ ಹಾಗೆ ದಡದಡ ಬಂದೆ? ನಾಯಿ ಅಟ್ಟಿಸ್ಕೊಂಡು ಬಂತಾ?”

ನಾನು ಕಿಟಾರನೆ ಕಿರುಚಿದೆ. ಅಡುಗೆಮನೆಯಿಂದ ಅಮ್ಮ ಬಂದವರು ನನ್ನ ಅರ್ಧ ಮುಖ, ಅರ್ಧ ನೊರೆ ನೋಡಿ ತಾವೂ ಕಿರುಚಿದರು. ಪಕ್ಕದ ಮನೆಯಲ್ಲಿರುವ ಅಕ್ಕ ಅಳುತ್ತಾ ಒಳಗೆ ನುಗ್ಗಿ, ಅಪ್ಪ ಬಿಸ್ಕತ್ತು ತಿನ್ನುತ್ತಿರುವುದನ್ನು ಕಂಡು, ಅಳು ನಿಲ್ಲಿಸುವ ಬದಲು ಇನ್ನೂ ಒಂದು ಸ್ವರ ಏರಿಸಿದಳು.

“ನನಗೆ ನೀವೆಲ್ಲ ಮಂಜುಮಂಜಾಗಿ ಕಾಣ್ತೀರಿ,” ಅಂದರು ಅಪ್ಪ. “ಯಾರು ಅಳ್ತಿದೀರೋ ಗೊತ್ತಾಗ್ತಿಲ್ಲ. ಒಬ್ಬೊಬ್ಬರಾಗಿ ಅಳಿ.”

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಲವತ್ತು ವರ್ಷ ಸಾಸಿವೆಕಾಳಿಗಿಂತ ಚಿಕ್ಕ ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಕೂರಿಸಿದ ಮನುಷ್ಯ, ಈಗ ಚಹಾ ಲೋಟವನ್ನೇ ತಡಕಾಡಿ ಹಿಡಿಯಬೇಕಾಗಿತ್ತು. ಆಸ್ಪತ್ರೆಯಲ್ಲಿ ಹೆಸರು ಬರೆಸಿ ಐದು ತಿಂಗಳು ಕಾದಿದ್ದರು. ಆಪರೇಷನ್ ಬರುವ ಗುರುವಾರ. ಐದು ತಿಂಗಳಿಂದ ನಮ್ಮ ಮನೆಯಲ್ಲಿ ವಾರಕ್ಕೆ ಏಳು ದಿನವಿರಲಿಲ್ಲ, ಗುರುವಾರವೊಂದೇ ಇತ್ತು.

ಇಷ್ಟಕ್ಕೂ ಕಾರಣಪುರುಷರಾದ ನಮ್ಮ ಭಾವನನ್ನು ಈಗ ಪರಿಚಯಿಸಬೇಕು.

ಭಾವ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಹದಿನಾರು ವರ್ಷದಿಂದ ರಸೀತಿ ಪ್ರಿಂಟ್ ಮಾಡುವ ಪ್ರೋಗ್ರಾಮು ನೋಡಿಕೊಳ್ಳುತ್ತಿದ್ದರು. ರಸೀತಿ ಬಂತೋ ಭಾವ ಬದುಕಿದ್ದಾರೆ, ಬರಲಿಲ್ಲವೋ ಬೈಸಿಕೊಳ್ಳುತ್ತಾರೆ, ಅಷ್ಟೇ ಅವರ ಜೀವನ. ಹೀಗಿರುವಾಗ ಅವರಿಗಿಂತ ಹದಿನೈದು ವರ್ಷ ಚಿಕ್ಕವನಾದ ಸಾಹೇಬನೊಬ್ಬ ಬಂದು, “ರಸೀತಿ ಸಾಕು ಸಾರ್, ದೊಡ್ಡದು ಯೋಚನೆ ಮಾಡಿ. ಲಕ್ಷ ಜನ ಒಟ್ಟಿಗೆ ಬಂದ್ರೂ ಬೀಳದೇ ಇರೋ ಸಿಸ್ಟಂ ಕಟ್ಟೋದು ಕಲೀರಿ,” ಅಂದನಂತೆ. ಆ ಮಾತು ಭಾವನ ನೆತ್ತಿಗೆ ಏರಿತು. ಭಾನುವಾರದ ತರಗತಿಗೆ ಸೇರಿದರು. ಒಟ್ಟು ಹನ್ನೆರಡು ಭಾನುವಾರದ ಪಾಠ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಐಶ್ವರ್ಯಕ್ಕಿಂತ ವಿದ್ಯೆ ಅಪಾಯ. ಒಂದನೇ ಭಾನುವಾರ ಮುಗಿಸಿ ಬಂದವರೇ, “ಯಾವುದೂ ಒಂದರ ಮೇಲೇ ನೆಚ್ಚಿಕೊಂಡಿರಬಾರದು ಕಣೋ ಹುಳ,” ಎಂದು ನನಗೆ ಉಪದೇಶಿಸಿದರು. ನಾನು ಲೈಬ್ರರಿಯವನಾದ್ದರಿಂದ ಅವರು ನನ್ನನ್ನು ಕರೆಯುವುದೇ ಹಾಗೆ, ಪುಸ್ತಕದ ಹುಳ ಎಂಬುದನ್ನು ಮೊಟಕು ಮಾಡಿ. ಮರುದಿನವೇ ನಮ್ಮ ಮನೆ ಬೀಗಕ್ಕೆ ನಾಲ್ಕು ಕೀಲಿ ಮಾಡಿಸಿ ನಾಲ್ಕು ಮನೆಗೆ ಹಂಚಿದರು. ಆ ವಾರ ನಾವು ಊಟಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರು ಬಾಗಿಲು ತೆಗೆದುಕೊಂಡು ಒಳಗೆ ಬಂದು, “ಕೀಲಿ ಸರಿಯಾಗಿದೆಯಾ ನೋಡಿದ್ವಿ,” ಎಂದು ಹೋಗುತ್ತಿದ್ದರು.

ಒಂಬತ್ತನೇ ಭಾನುವಾರ ಅವರು ಕಲಿತದ್ದು ಪ್ರಳಯಾಂತಕ ಪಾಠ. ದೊಡ್ಡ ಸಿಸ್ಟಮ್ಮುಗಳಲ್ಲಿ ಯಂತ್ರಗಳು ಒಂದನ್ನೊಂದು ‘ಇದ್ದೀಯಾ?’ ಎಂದು ಕೇಳುತ್ತಲೇ ಇರುತ್ತವಂತೆ. ಮೂರು ಸಲ ಉತ್ತರ ಬರದಿದ್ದರೆ ಆ ಯಂತ್ರ ಸತ್ತಿತೆಂದು ತೀರ್ಮಾನಿಸಿ, ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿ, ಎಲ್ಲರಿಗೂ ಡಂಗುರ ಸಾರುತ್ತವಂತೆ. ಇದನ್ನೇ ಅಭ್ಯಾಸಕ್ಕೆಂದು ಕಟ್ಟಿಕೊಂಡು ಬರಲು ಅವರ ಮೇಷ್ಟ್ರು ಹೇಳಿದ್ದರು. ಬೇರೆ ವಿದ್ಯಾರ್ಥಿಗಳು ಯಂತ್ರಗಳನ್ನು ಇಟ್ಟುಕೊಂಡು ಕಟ್ಟಿದರು. ಭಾವ ನಮ್ಮನ್ನು ಇಟ್ಟುಕೊಂಡು ಕಟ್ಟಿದರು. ಅಪ್ಪ ಒಂದನೇ ಘಟಕ, ಅಮ್ಮ ಎರಡು, ಭಾವ ಮೂರು, ಅಕ್ಕ ನಾಲ್ಕು, ನಾನು ಐದು. ಹತ್ತು ನಿಮಿಷಕ್ಕೊಮ್ಮೆ ನಮ್ಮ ಫೋನು ‘ಇದ್ದೀರಾ?’ ಎಂದು ಕೇಳುವುದು, ನಾವು ‘ಇದ್ದೀನಿ’ ಎಂಬ ಗುಂಡಿ ಒತ್ತುವುದು. ವಯಸ್ಸಾದವರು ಮನೆಯಲ್ಲಿದ್ದಾರೆ, ಒಳ್ಳೆಯದೇ ಎಂದು ನಾವೂ ಒಪ್ಪಿದ್ದೆವು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅದು ಚಾಲೂ ಆಯಿತು. ಒಂಬತ್ತೂಕಾಲಿಗೆ ಅಪ್ಪ ಹೋದರು.

“ಅಪ್ಪಾ, ನಿಮ್ಮ ಫೋನೆಲ್ಲಿ?” ಅಂದೆ.

“ಬೀರುವಿನಲ್ಲಿ, ಸ್ವೆಟರ್ ಕೆಳಗೆ ಇಟ್ಟಿದ್ದೀನಿ. ಹತ್ತು ನಿಮಿಷಕ್ಕೊಂದ್ಸಲ ‘ಇದ್ದೀರಾ, ಇದ್ದೀರಾ’ ಅಂತ ಕೇಳಿದ್ರೆ ‘ಇಲ್ಲ’ ಅನ್ನೋಣ ಅನ್ಸುತ್ತೆ. ಮೊದಲೇ ಆ ಗುಂಡಿ ಎಲ್ಲಿದೆ ಅಂತ ಕಾಣೋದಿಲ್ಲ. ಎರಡು ಸಲ ಒತ್ತಿದೆ. ಆ ಮೇಲೆ ನೋಡಿದ್ರೆ ಟಿವಿ ರಿಮೋಟ್ ಒತ್ತುತ್ತಿದ್ದೆ.”

ಅಷ್ಟರಲ್ಲಿ, ಸಿಸ್ಟಂ ಚಾಲೂ ಮಾಡಲೆಂದೇ ಅಂದು ಕಚೇರಿಗೆ ರಜ ಹಾಕಿದ್ದ ಭಾವ ಪಕ್ಕದ ಮನೆಯಿಂದ ಏದುಸಿರು ಬಿಡುತ್ತಾ ಬಂದರು. ಮುಖದಲ್ಲಿ ಗಾಬರಿ ಇತ್ತು. ಆದರೆ ಗಾಬರಿಯ ಕೆಳಗೆ, ಎಷ್ಟು ಮುಚ್ಚಿಟ್ಟರೂ ಇಣುಕುವ ಒಂದು ಸಂತೋಷವೂ ಇತ್ತು.

“ಕೆಲಸ ಮಾಡ್ತು!” ಅಂದರು. “ಮಾವ, ನೀವು ಸತ್ತ ಎರಡೇ ಸೆಕೆಂಡಿಗೆ ಇನ್ನೂರ ಹದಿನಾಲ್ಕು ಜನಕ್ಕೆ ಸುದ್ದಿ ಹೋಯ್ತು!”

“ಇನ್ನೂರ ಹದಿನಾಲ್ಕು ಜನ ಯಾರ್ರೀ?” ಅಕ್ಕ ಅಳು ನಿಲ್ಲಿಸಿದಳು. ಅವಳು ಅಳು ನಿಲ್ಲಿಸುವುದು ಅವಳ ಅಳುವಿಗಿಂತ ಭಯಂಕರ.

ಭಾವ ಉಗುಳು ನುಂಗಿದರು. “ಲಕ್ಷ ಜನಕ್ಕೆ ತಡೆಯೋ ಸಿಸ್ಟಂ ಕಟ್ಟಿ ಐದೇ ಜನಕ್ಕೆ ನಡೆಸಿದ್ರೆ ಮೇಷ್ಟ್ರು ಏನಂತಾರೆ ಹೇಳು? ಅದಕ್ಕೇ ಮಾವನ ಫೋನಲ್ಲಿದ್ದ ನಂಬರೆಲ್ಲ, ಜೊತೆಗೆ ನಮ್ಮ ಸಾಹೇಬರದ್ದೂ ಸೇರಿಸಿದೆ. ಒಂದು ತೂಕ ಇರಲಿ ಅಂತ.”

“ಅಳಿಯಂದಿರೇ,” ಅಂದರು ಅಪ್ಪ, “ನನ್ನ ಗಿರಾಕಿಗಳೆಲ್ಲ ಅದರಲ್ಲಿದ್ದಾರೆ.”

“ಇದ್ದಾರೆ ಮಾವ. ಎಲ್ಲರಿಗೂ ತಲುಪಿದೆ.”

ಅಷ್ಟರಲ್ಲಿ ಎಲ್ಲರ ಫೋನೂ ಮತ್ತೆ ‘ಟಿಣ್’ ಅಂದವು. ಅಪ್ಪ ಮತ್ತೊಮ್ಮೆ ಸತ್ತಿದ್ದರು.

“ಇದೇನ್ರೀ ಎರಡನೇ ಸಲ?”

“ಅದೇ ಇದರ ಹೆಚ್ಚುಗಾರಿಕೆ,” ಎಂದು ಭಾವ ವಿವರಿಸಿದರು. “ಯಾರು ‘ತಲುಪಿತು’ ಅಂತ ಉತ್ತರ ಕೊಡೋದಿಲ್ವೋ ಅವರಿಗೆ ಐದು ನಿಮಿಷಕ್ಕೊಂದ್ಸಲ ಮತ್ತೆ ಕಳಿಸುತ್ತೆ. ಸುದ್ದಿ ಕಳೆದುಹೋಗಬಾರದು ನೋಡು.”

ಸಾವಿನ ಸುದ್ದಿ ಕೇಳಿ ‘ತಲುಪಿತು’ ಎಂದು ಬರೆಯುವ ಕಟುಕರು ಯಾರಿದ್ದಾರೆ? ಇನ್ನೂರ ಹದಿನಾಲ್ಕು ಜನರೂ ‘ಅಯ್ಯೋ’ ಎಂದಿದ್ದರು, ‘ಎಷ್ಟು ಹೊತ್ತಿಗೆ?’ ಎಂದಿದ್ದರು, ‘ನನ್ನ ಕೈಗಡಿಯಾರದ ಕತೆ ಏನು?’ ಎಂದಿದ್ದರು. ಒಬ್ಬರೂ ‘ತಲುಪಿತು’ ಎಂದಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಮ್ಮ ಸೋದರತ್ತೆ ಫೋನ್ ಮಾಡಿದರು.

“ಏನೋ ಇದು? ಎಷ್ಟು ಸಲ ಸಾಯ್ತಾನೋ ನಮ್ಮಣ್ಣ? ಒಂಬತ್ತನೇ ಸಲ ಬಂತು! ಪ್ರತಿ ಸಲಾನೂ ಮೊದಲಿಂದ ಅಳ್ತಾ ಇದ್ದೀನಿ, ಗಂಟಲು ಬಿದ್ದುಹೋಯ್ತು!”

“ಅತ್ತೆ, ಅಪ್ಪ ಚೆನ್ನಾಗಿದ್ದಾರೆ. ನೀವೇ ಮಾತಾಡಿ.”

ಫೋನು ಅಪ್ಪನ ಕೈಗೆ ಕೊಟ್ಟೆ. “ಹಲೋ, ನಾನೇ ಮಾತಾಡ್ತಿರೋದು,” ಅಂದರು ಅಪ್ಪ. ಆ ಕಡೆ ದೊಪ್ಪನೆ ಏನೋ ಬಿದ್ದ ಸದ್ದು. ಆಮೇಲೆ ಫೋನು ಎತ್ತಿಕೊಂಡವರು, ಅತ್ತೆಯ ಮುಖಕ್ಕೆ ನೀರು ಹಾಕುತ್ತಿದ್ದೇವೆ, ಇನ್ನೊಮ್ಮೆ ಇಂಥ ಚೇಷ್ಟೆ ಮಾಡಿದರೆ ಪೊಲೀಸರಿಗೆ ಹೇಳುತ್ತೇವೆ ಎಂದು ಬೈದರು.

“ನಿಲ್ಲಿಸ್ರೀ ಇದನ್ನ!” ಅಕ್ಕ ಗರ್ಜಿಸಿದಳು.

ಭಾವ ಕಾಲಿನ ಹೆಬ್ಬೆರಳು ನೋಡಿಕೊಂಡರು. “ಅದು ಸುಲಭ ಅಲ್ಲ. ಬೀಳಬಾರದು ಅಂತ ಮೂರು ಕಡೆ ಇಟ್ಟಿದ್ದೀನಿ. ನಮ್ಮನೆ ಲ್ಯಾಪ್‌ಟಾಪಲ್ಲಿ ಒಂದು, ಬಾಡಿಗೆಗೆ ತಗೊಂಡ ಸರ್ವರ್‌ಗಳಲ್ಲಿ ಎರಡು. ಒಂದು ಬಿದ್ರೆ ಇನ್ನೊಂದು ನೋಡ್ಕೊಳ್ಳುತ್ತೆ, ಬಿದ್ದಿದ್ದನ್ನ ಎಬ್ಬಿಸುತ್ತೆ.”

ಅಕ್ಕ ಮುಂದಿನ ಮಾತು ಕೇಳಲಿಲ್ಲ. ಪಕ್ಕದ ಮನೆಗೆ ಹೋಗಿ ಲ್ಯಾಪ್‌ಟಾಪಿನ ಬೆನ್ನಿಂದ ಬ್ಯಾಟರಿಯನ್ನೇ ಕಿತ್ತು ತಂದು ಮೇಜಿನ ಮೇಲೆ ಕುಕ್ಕಿದಳು. ತಕ್ಷಣ ಎಲ್ಲರ ಫೋನೂ ‘ಟಿಣ್’ ಅಂದವು. ‘ಒಂದು ಯಂತ್ರ ಬಿದ್ದಿದೆ. ಚಿಂತಿಸಬೇಡಿ, ಸೇವೆ ಮುಂದುವರಿದಿದೆ.’ ಅದರ ಹಿಂದೆಯೇ ಅಪ್ಪನ ಸಾವಿನ ಸುದ್ದಿ ಇನ್ನೊಮ್ಮೆ.

“ನಿಲ್ಲಿಸೋ ಗುಂಡಿ ಅಂತ ಒಂದು ಇರಬೇಕಲ್ಲ ಭಾವ?”

“ಯಾರಾದ್ರೂ ತಪ್ಪಿ ಒತ್ತಿಬಿಟ್ರೆ? ಅದೇ ಒಂದು ದೌರ್ಬಲ್ಯ ಅಂತ ಇಡಲೇ ಇಲ್ಲ.”

ನಾನೇ ಭಾನುವಾರದ ಮೇಷ್ಟ್ರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಅವರು ಸಮಾಧಾನದಿಂದ ಕೇಳಿದರು. ಆಮೇಲೆ, “ಮನುಷ್ಯರನ್ನ ಹಾಕಿಬಿಟ್ರಾ?” ಅಂದರು. “ನೋಡಿ, ಸುರಕ್ಷಿತವಾಗಿ ನಿಲ್ಲಿಸೋ ಪಾಠ ಬರೋದು ಹನ್ನೆರಡನೇ ಭಾನುವಾರ. ಇವರು ಇನ್ನೂ ಒಂಬತ್ತರಲ್ಲಿದ್ದಾರೆ.”

“ಈಗಲೇ ಹೇಳಿಕೊಡಿ ಸಾರ್, ದಮ್ಮಯ್ಯ!”

“ಹತ್ತು, ಹನ್ನೊಂದು ಆಗದೆ ಹನ್ನೆರಡು ಅರ್ಥ ಆಗೋದಿಲ್ಲ,” ಎಂದು ಫೋನಿಟ್ಟರು.

ಇಷ್ಟರವರೆಗೆ ಅಪ್ಪ ಇದನ್ನೆಲ್ಲ ಒಂದು ತಮಾಷೆಯ ಹಾಗೆ ಕೇಳಿಸಿಕೊಂಡು ಇನ್ನೊಂದು ಬಿಸ್ಕತ್ತು ಅದ್ದುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ನಾನು ಸ್ಪೀಕರ್ ಹಾಕಿದೆ.

“ನಮಸ್ಕಾರ, ಕಣ್ಣಿನ ವಿಭಾಗದಿಂದ. ನಿಮ್ಮ ತಂದೆಯವರ ಸುದ್ದಿ ಬಂತು, ತುಂಬಾ ದುಃಖ ಆಯ್ತು. ಗುರುವಾರದ ಅವರ ಸರದಿ ಕ್ಯಾನ್ಸಲ್ ಮಾಡಿ ಮುಂದಿನವರಿಗೆ ಕೊಡ್ತಿದ್ದೀವಿ. ತಿಳಿಸೋಣ ಅಂತ ಮಾಡಿದೆ.”

ಅಪ್ಪನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಅವರು ಅದನ್ನು ಹುಡುಕಲೂ ಇಲ್ಲ. ಭಾವನ ಮುಖದಲ್ಲಿ ಬೆಳಗಿನಿಂದ ಇಣುಕುತ್ತಿದ್ದ ಸಂತೋಷ ಆಗ ಪೂರ್ತಿ ಆರಿಹೋಯಿತು.

“ಮಾವ,” ಅಂದರು ಭಾವ. ಬಗ್ಗಿ, ಮುಳುಗಿದ ಬಿಸ್ಕತ್ತನ್ನು ಚಮಚದಲ್ಲಿ ಎತ್ತಿ ತಟ್ಟೆಗೆ ಹಾಕಿದರು.

“ಗಡಿಯಾರ ನಿಂತ್ರೆ ನಾವು ಕೀಲಿ ಕೊಟ್ಟು ನೋಡ್ತೀವಿ ಅಳಿಯಂದಿರೇ,” ಅಂದರು ಅಪ್ಪ ಮೆಲ್ಲಗೆ. “ಊರಿಗೆಲ್ಲ ಹೇಳಿಕೊಂಡು ಬರೋದಿಲ್ಲ.”

ಅಮ್ಮನನ್ನು ಮನೆಯಲ್ಲಿ ಬಿಟ್ಟು ನಾವು ನಾಲ್ಕು ಜನ ಆಸ್ಪತ್ರೆಗೆ ಹೊರಟೆವು. ಅಮ್ಮ ಬರುವಂತಿರಲಿಲ್ಲ. ಯಾಕೆಂದರೆ ಮೆಟ್ಟಿಲ ಮೇಲೆ ಜನ ಹೂವು ಹಿಡಿದುಕೊಂಡು ಬರತೊಡಗಿದ್ದರು. ಎದುರಿಗೆ ಇಳಿದು ಬಂದ ಅಪ್ಪನನ್ನೇ ಒಬ್ಬರು ಪಕ್ಕಕ್ಕೆ ಸರಿಸಿ, “ಸ್ವಲ್ಪ ದಾರಿ ಬಿಡಿ ತಾತ, ಮೇಲೆ ಸಾವಾಗಿದೆ,” ಅಂದರು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳೇ. ಆದರೆ ನಿಯಮದವಳು.

“ಇವರೇ ನಮ್ಮಪ್ಪ,” ಅಂದೆ. “ನೋಡಿ, ಜೀವಂತ ಇದ್ದಾರೆ.”

ಅವಳು ಅಪ್ಪನನ್ನು ನೋಡಿದಳು, ಕಂಪ್ಯೂಟರ್ ನೋಡಿದಳು, ನನ್ನ ಅರ್ಧ ಗಡ್ಡ ನೋಡಿದಳು. ಮೂರರಲ್ಲಿ ಕಂಪ್ಯೂಟರೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ಅವಳಿಗೆ ತೋರಿತು.

“ಇವರು ಅವರೇ ಅಂತ ಹೇಗೆ ಹೇಳೋದು ಸಾರ್? ಅವರು ಹೋಗಿಬಿಟ್ಟಿದ್ದಾರೆ ಅಂತ ಬೆಳಿಗ್ಗೆಯಿಂದ ನನಗೆ ಎಂಬತ್ತು ಸಲ ಬಂದಿದೆ. ಒಂದು ಸಲ ಬಂದಿದ್ರೆ ತಪ್ಪಿರಬಹುದು ಅಂದ್ಕೋಬಹುದಿತ್ತು.” ಅಷ್ಟು ಹೇಳುವಾಗಲೇ ಅವಳ ಫೋನು ‘ಟಿಣ್’ ಅಂದಿತು. “ನೋಡಿ, ಈಗ ಮತ್ತೆ ಬಂತು. ನೀವು ಇಲ್ಲಿ ನಿಂತಿರೋವಾಗಲೇ.”

“ಅಮ್ಮಾ,” ಅಂದರು ಅಪ್ಪ, “ನಾನು ಹೇಗೆ ಸಾಬೀತು ಮಾಡಲಿ? ಗುರುತಿನ ಚೀಟಿ ತಂದಿದ್ದೀನಿ.”

“ಚೀಟಿ ಸತ್ತವರದ್ದೂ ಇರುತ್ತೆ ತಾತ. ಬೇಜಾರು ಮಾಡ್ಕೋಬೇಡಿ. ಸುದ್ದಿ ಯಾವ ಕಡೆಯಿಂದ ಬಂತೋ ಅದೇ ಕಡೆಯಿಂದ ‘ಇಲ್ಲ, ಇದ್ದಾರೆ’ ಅಂತ ಬಂದ್ರೆ ನಾನು ವಾಪಸ್ ಹಾಕಬಹುದು. ಮುಂದಿನವರಿಗೆ ನಾನಿನ್ನೂ ಫೋನ್ ಮಾಡಿಲ್ಲ. ಐದು ಗಂಟೆಗೆ ಮಾಡ್ತೀನಿ. ಆಮೇಲೆ ನನ್ನ ಕೈಯಲ್ಲಿಲ್ಲ. ಹೊಸದಾಗಿ ಬರೆಸಿದ್ರೆ ಮತ್ತೆ ಐದು ತಿಂಗಳು.”

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ನಾವು ಅಲ್ಲೇ ಬೆಂಚಿನ ಮೇಲೆ ಕೂತೆವು. ಭಾವ ಅಪ್ಪನ ಫೋನು ತೆಗೆದು, ಅಪ್ಪನ ಬೆರಳು ಹಿಡಿದು, ‘ಇದ್ದೀನಿ’ ಗುಂಡಿಯ ಮೇಲೆ ಒತ್ತಿಸಿದರು. ಉತ್ತರ ಬಂತು.

‘ನೀವು ಮೃತ ಘಟಕ. ನಿಮ್ಮ ಮಾತನ್ನು ನಂಬಲಾಗದು. ದಯವಿಟ್ಟು ಮತ್ತೆ ಒತ್ತಬೇಡಿ.’

“ಇದೇನ್ರೀ ಅನ್ಯಾಯ!” ಅಂದಳು ಅಕ್ಕ.

“ಪಾಠದಲ್ಲಿ ಹಾಗೇ ಇದೆ,” ಎಂದು ಭಾವ ಅಳುವ ದನಿಯಲ್ಲಿ ಹೇಳಿದರು. “ಸತ್ತಿದೆ ಅಂದ್ಕೊಂಡ ಯಂತ್ರ ಇದ್ದಕ್ಕಿದ್ದ ಹಾಗೆ ಎದ್ದು ಬಂದ್ರೆ ಅದರ ಹತ್ರ ಹಳೇ ವಿಷಯ ಇರುತ್ತೆ, ಎಲ್ಲಾ ಕೆಡಿಸುತ್ತೆ. ಅದಕ್ಕೇ ಅದನ್ನ ಬೇಲಿ ಹಾಕಿ ಹೊರಗೇ ನಿಲ್ಲಿಸಬೇಕು.”

“ಬೇಲಿ ಹಾಕಿದ್ದೀರಾ ನಮ್ಮಪ್ಪನಿಗೆ?”

“ತೆಗೀಬಹುದು, ತೆಗೀಬಹುದು! ಬೆಳಗಿನಿಂದ ಈ ಗಾಬರೀಲಿ ಹೊಳೆದೇ ಇರಲಿಲ್ಲ. ಬಹುಮತ ಬೇಕು. ಐದು ಜನರಲ್ಲಿ ಮೂರು ಜನ ಫೋನಲ್ಲಿ ‘ಒಪ್ಪಿಗೆ’ ಒತ್ತಿದ್ರೆ ಮಾವ ವಾಪಸ್ ಬರ್ತಾರೆ. ಸತ್ತವರಿಗೆ ಓಟಿಲ್ಲ. ಆದರೇನು, ಅತ್ತೆ, ಹುಳ, ನಾನು, ನೀನು, ನಾಲ್ಕು ಜನ ಇದ್ದೀವಲ್ಲ! ಮೂರು ಸಾಕು.”

ಆಗ ಕೌಂಟರಿನವಳ ಫೋನು ‘ಟಿಣ್’ ಅಂದಿತು. ಅವಳು ಓದಿ ಎದ್ದು ನಿಂತಳು.

“ಸಾರ್, ನಿಮ್ಮ ಮನೇಲಿ ಇನ್ನೊಬ್ಬರು ಹೋದ್ರು.”

“ಯಾರು?!”

“ಮೂರನೇ ಘಟಕ. ವಾಚ್ ರಿಪೇರಿ ಯಜಮಾನರ ಅಳಿಯ.” ಅವಳು ಮೇಜಿನ ಖಾನೆಯಿಂದ ಮಾಸ್ಕ್ ತೆಗೆದು ಮೂಗಿಗೆ ಏರಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಏನು ಕಾಯಿಲೆ ಸಾರ್ ಇದು?”

ಭಾವ ತಮ್ಮ ಫೋನು ತೆಗೆದು ನೋಡಿದರು. ಬ್ಯಾಟರಿ ಮುಗಿದು ಕಪ್ಪಾಗಿತ್ತು. ಬೆಳಗಿನಿಂದ ಇನ್ನೂರ ಹದಿನಾಲ್ಕು ಜನರಿಗೆ ಉತ್ತರ ಕೊಟ್ಟು ಕೊಟ್ಟು ಅದು ಪ್ರಾಣ ಬಿಟ್ಟಿತ್ತು. ಚಾರ್ಜರ್ ಅವರ ಹತ್ತಿರ ಎರಡಿದ್ದವು, ಒಂದು ಹಾಳಾದರೆ ಇನ್ನೊಂದಿರಲಿ ಎಂದು. ಎರಡೂ ಮನೆಯಲ್ಲಿದ್ದವು.

“ನಾನು ಸತ್ತೆನಾ?” ಅಂದರು ಭಾವ. ಮುಖ ಬಿಳಿಚಿಕೊಂಡಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದು.

ಐದು ನಿಮಿಷದಲ್ಲಿ ಅಕ್ಕನ ಫೋನು ರಿಂಗಾಯಿತು. ಭಾವನ ಕಚೇರಿಯ ಚಿಕ್ಕ ಸಾಹೇಬ.

“ಮೇಡಂ, ಈಗ ತಾನೇ ಸುದ್ದಿ ಬಂತು. ಎಂಥ ಮನುಷ್ಯ! ನಾವೆಲ್ಲ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದ್ವಿ. ಇಂಥ ಹೊತ್ತಲ್ಲಿ ಕೇಳಬಾರದು... ರಸೀತಿ ಪ್ರೋಗ್ರಾಮಿನ ಪಾಸ್‌ವರ್ಡ್ ಎಲ್ಲಾದರೂ ಬರೆದಿಟ್ಟಿದ್ರಾ? ಮೌನ ಮುಗಿಯೋಷ್ಟರಲ್ಲಿ ಪ್ರಿಂಟು ನಿಂತುಹೋಯ್ತು. ಅವರೊಬ್ಬರಿಗೇ ಗೊತ್ತಿತ್ತು.”

ಅಕ್ಕ ಗಂಡನನ್ನು ನೋಡಿದಳು. ಯಾವುದೂ ಒಂದರ ಮೇಲೇ ನೆಚ್ಚಿಕೊಂಡಿರಬಾರದೆಂದು ಒಂಬತ್ತು ಭಾನುವಾರ ನಮ್ಮ ತಲೆ ತಿಂದ ಮಹಾನುಭಾವರು ಹದಿನಾರು ವರ್ಷ ಒಂದಿಡೀ ಕಚೇರಿಯನ್ನು ತಮ್ಮೊಬ್ಬರ ನೆನಪಿನ ಮೇಲೆ ನಿಲ್ಲಿಸಿದ್ದರು. “ನೋಡಿ ಹೇಳ್ತೀನಿ,” ಎಂದು ಫೋನಿಟ್ಟಳು.

ಈಗ ಲೆಕ್ಕ ಬಿಗಿಯಾಯಿತು. ಉಳಿದವರು ಅಮ್ಮ, ಅಕ್ಕ, ನಾನು. ಮೂರೂ ಒಪ್ಪಿಗೆ ಬೇಕೇ ಬೇಕು. ಅಕ್ಕ ಅಲ್ಲೇ ಒತ್ತಿದಳು. ನಾನು ಅಮ್ಮನಿಗೆ ಫೋನ್ ಮಾಡಿದೆ. ನಾಲ್ಕೂ ನಲವತ್ತು. ಅಮ್ಮನ ಹಿಂದೆ ಬಿಕ್ಕುವವರ, ಮೂಗು ಸೀಟುವವರ ಸದ್ದು ಕೇಳಿಸುತ್ತಿತ್ತು.

“ಅಮ್ಮಾ, ಫೋನಲ್ಲಿ ‘ಒಪ್ಪಿಗೆ’ ಅಂತ ಬಂದಿರುತ್ತೆ. ಅದನ್ನ ಒತ್ತು. ಅಪ್ಪ ವಾಪಸ್ ಬರ್ತಾರೆ.”

“ಬಂದಿದೆ. ಅದರ ಜೊತೆ ಇನ್ನೊಂದೂ ಬಂದಿದೆಯಪ್ಪ. ‘ಒಂದನೇ ಘಟಕದ ಎಲ್ಲಾ ಅಧಿಕಾರ ನಿಮಗೆ ವಹಿಸಲಾಗಿದೆ’ ಅಂತ. ಕೆಳಗೆ ಪಟ್ಟಿ ಇದೆ. ಟಿವಿ ರಿಮೋಟು, ಕಿಟಕಿ ಪಕ್ಕದ ಕುರ್ಚಿ, ಯಾವ ನೆಂಟರ ಮನೆಗೆ ಹೋಗಬೇಕು ಬಾರದು ಅಂತ ಹೇಳೋದು. ನಲವತ್ತೆರಡು ವರ್ಷದಲ್ಲಿ ಮೊದಲನೇ ಸಲ ಆ ಕುರ್ಚಿಯಲ್ಲಿ ಕೂತಿದ್ದೀನಿ. ಗಾಳಿ ಚೆನ್ನಾಗಿ ಬರುತ್ತೆ ಕಣೋ.”

ಹಾಳೂರಿಗೆ ಉಳಿದವನೇ ಗೌಡ ಅಂದರೆ ಇದೇ.

“ಅಮ್ಮಾ, ಟೈಮಿಲ್ಲ!”

“ನಿಮ್ಮಪ್ಪನಿಗೆ ಕೊಡು.”

ಅಪ್ಪ ನನ್ನ ಫೋನು ತೆಗೆದುಕೊಂಡರು. ಸ್ಪೀಕರಿನಲ್ಲಿ, ಕೌಂಟರಿನ ಮುಂದೆ ನಿಂತಿದ್ದ ರೋಗಿಗಳ ಇಡೀ ಸಾಲು ಕೇಳಿಸಿಕೊಳ್ಳುತ್ತಿತ್ತು.

“ರೀ, ಮಲಗೋ ಕೋಣೆಯಲ್ಲಿ ಎಷ್ಟು ಗಡಿಯಾರ ಇದೆ?”

“ಹನ್ನೊಂದು.”

“ಒಂದಾದ್ರೂ ಇನ್ನೊಂದರ ಜೊತೆ ಹೊಂದಿಕೊಂಡು ಹೊಡೆಯುತ್ತಾ? ನಾನು ನಿದ್ದೆ ಮಾಡಿ ಎಷ್ಟು ವರ್ಷ ಆಯ್ತು ಗೊತ್ತಾ?”

“ಮೂರು ತೆಗೀತೀನಿ ಕಣೇ.”

“ಮೂರು ಅಂದ್ರೆ ನೀವು ಅಲ್ಲೇ ಇರಿ.”

“ಆರು.”

ನಾಲ್ಕೂ ಐವತ್ತೆರಡು. ಕೌಂಟರಿನವಳು ಮುಂದಿನವರ ಫೈಲು ತೆಗೆದು ಮೇಜಿನ ಮೇಲಿಟ್ಟಳು. ಕೈ ಫೋನಿನ ಕಡೆ ಹೋಗುತ್ತಿತ್ತು. ಸಾಲಿನಲ್ಲಿದ್ದ ಒಬ್ಬರು, “ಎಲ್ಲಾ ತೆಗೀರಿ ಸಾರ್, ಪ್ರಾಣಕ್ಕಿಂತ ಗಡಿಯಾರ ಹೆಚ್ಚಾ?” ಅಂದರು.

“ಒಂದು,” ಅಂದರು ಅಪ್ಪ. “ಒಂದೇ ಒಂದು ಇಟ್ಕೋತೀನಿ. ಮಿಕ್ಕಿದ್ದೆಲ್ಲ ಆಚೆ.”

ಆ ಕಡೆ ಅಮ್ಮ ಕಿಸಕ್ಕನೆ ನಕ್ಕರು. ಆಮೇಲೆ, “ಅಯ್ಯೋ ನಿಮ್ಮ! ನಾನು ಒತ್ತಿ ಕಾಲು ಗಂಟೆ ಆಯ್ತು,” ಅಂದರು. “ಕಣ್ಣಿನ ವಿಷಯದಲ್ಲಿ ನಾನು ಆಟ ಆಡ್ತೀನಾ? ಗಡಿಯಾರದ ಮಾತು ಮಾತ್ರ ನಿಜ, ಹತ್ತು ಜನ ಕೇಳಿಸ್ಕೊಂಡಿದ್ದಾರೆ.”

ಅಪ್ಪ ನಕ್ಕರು. ನನಗೂ ಅಳು ನಗು ಒಟ್ಟಿಗೆ ಬಂತು. ಆದರೆ ನಗುತ್ತಲೇ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಅಕ್ಕ ಒತ್ತಿದ್ದಾಳೆ, ಅಮ್ಮ ಒತ್ತಿದ್ದಾರೆ. ಹಾಗಿದ್ದರೆ ಅಪ್ಪ ಯಾಕೆ ಇನ್ನೂ ಬದುಕಿಲ್ಲ?

“ಮೂರನೇ ಒಪ್ಪಿಗೆ ಯಾರದ್ದು ಬಾಕಿ?” ಅಂದರು ಭಾವ.

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ, ಭಾವ, ಕೌಂಟರಿನವಳು, ಸಾಲಿನಲ್ಲಿದ್ದ ಹದಿನಾಲ್ಕು ಜನ ಕಣ್ಣಿನ ರೋಗಿಗಳು ಕೂಡ, ಕಂಡಷ್ಟರಮಟ್ಟಿಗೆ. ಎಲ್ಲರಿಗೂ ‘ಒತ್ತಿ, ಒತ್ತಿ’ ಎಂದು ಹೇಳುವ ಗದ್ದಲದಲ್ಲಿ ನಾನೇ ಒತ್ತಿರಲಿಲ್ಲ! ಅಪ್ಪನ ಕೈಯಿಂದ ನನ್ನ ಫೋನು ಕಸಿದು ನೋಡಿದರೆ ‘ಇದ್ದೀರಾ?’ ಎಂಬ ಪ್ರಶ್ನೆಗೂ ನಾನು ಎರಡು ಸಲ ಉತ್ತರ ಕೊಟ್ಟಿರಲಿಲ್ಲ. ಮೂರನೆಯದಕ್ಕೆ ಇನ್ನೊಂದು ನಿಮಿಷವಿತ್ತು. ಅದು ತಪ್ಪಿದ್ದರೆ ನಾನೂ ಸಾಯುತ್ತಿದ್ದೆ, ಅಪ್ಪನನ್ನು ಎಬ್ಬಿಸುವುದಕ್ಕೆ ಬಹುಮತವೇ ಉಳಿಯುತ್ತಿರಲಿಲ್ಲ. ಮೊದಲು ‘ಇದ್ದೀನಿ’ ಒತ್ತಿದೆ. ಆಮೇಲೆ ‘ಒಪ್ಪಿಗೆ’ ಒತ್ತಿದೆ.

‘ಟಿಣ್’ ಎಂದಿತು ಕೌಂಟರಿನ ಫೋನು. ನಾಲ್ಕೂ ಐವತ್ತೆಂಟು.

“‘ಒಂದನೇ ಘಟಕ ಮರಳಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ,’” ಎಂದು ಅವಳು ಗಟ್ಟಿಯಾಗಿ ಓದಿದಳು. ಮಾಸ್ಕ್ ಕೆಳಗಿಳಿಸಿ ಮೊದಲ ಸಲ ಅಪ್ಪನ ಮುಖ ನೋಡಿ ನಕ್ಕಳು. “ನಮಸ್ಕಾರ ತಾತ. ಗುರುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಏನೂ ತಿನ್ನದೆ ಬನ್ನಿ.” ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಹೂವು ತಂದವರೆಲ್ಲ ಇನ್ನೂ ಇದ್ದರು. ತಂದ ಹೂವನ್ನು ಏನು ಮಾಡುವುದೆಂದು ತಿಳಿಯದೆ ಅಪ್ಪನ ಕೈಗೇ ಕೊಟ್ಟು, “ಚೆನ್ನಾಗಿರಿ,” ಎಂದು ಹೋದರು. ದರ್ಜಿ ಅಮ್ಮ ಮಾತ್ರ ತಮ್ಮ ಯಜಮಾನರ ವಾಚು ಕೇಳಿ ವಾಪಸ್ ಪಡೆದುಕೊಂಡರು, ಇನ್ನೊಮ್ಮೆ ಹೀಗಾದರೆ ಎಂಬ ಮುಂಜಾಗ್ರತೆಯಿಂದ. ಅಮ್ಮ ಕಿಟಕಿ ಪಕ್ಕದ ಕುರ್ಚಿಯಿಂದ ಏಳಲಿಲ್ಲ. ಅಪ್ಪ ಎದುರಿನ ಸ್ಟೂಲಿನ ಮೇಲೆ ಕೂತರು.

ಭಾವ ಫೋನು ಚಾರ್ಜಿಗೆ ಹಾಕಿ, ಗುಂಡಿ ಒತ್ತಿ, ‘ನಿಮ್ಮ ಮಾತನ್ನು ನಂಬಲಾಗದು’ ಎಂದು ಓದಿ, ಬಾಗಿಲ ಹತ್ತಿರ ನಿಂತಿದ್ದರು. ಅವರ ಸಾವಿನ ಸುದ್ದಿ ಐದು ನಿಮಿಷಕ್ಕೊಮ್ಮೆ ಊರೆಲ್ಲ ಹೋಗುತ್ತಲೇ ಇತ್ತು.

“ನನ್ನನ್ನೂ ಎಬ್ಬಿಸಿಬಿಡಿ,” ಅಂದರು ಸಣ್ಣ ದನಿಯಲ್ಲಿ. “ನಾಳೆ ಕಚೇರಿಗೆ ಹೋಗಬೇಕು.”

ನಾನು ಒತ್ತಿದೆ, ಪಾಪ ಅನ್ನಿಸಿತು. ಅಕ್ಕ ಫೋನನ್ನು ಮಗುಚಿಟ್ಟಳು. “ನಾನು ಒತ್ತೋದಿಲ್ಲ. ಸತ್ತಾಗಿನಿಂದ ಒಂದು ಪಾಠ ಹೇಳಿಲ್ಲ ಇವರು. ಎಷ್ಟು ನೆಮ್ಮದಿ ಇದೆ.” ಅಮ್ಮ, “ನಿಮ್ಮ ಮಾವ ಒತ್ತಿದ್ರೆ ನಾನೂ ಒತ್ತುತ್ತೀನಿ,” ಅಂದರು.

ಎಲ್ಲರೂ ಅಪ್ಪನನ್ನು ನೋಡಿದೆವು. ಭಾವ ಎರಡು ಕೈಯಲ್ಲೂ ಅಪ್ಪನ ಫೋನು ಹಿಡಿದು, ಬಗ್ಗಿ, ಅವರ ಮುಂದೆ ಒಡ್ಡಿದರು. ಅಪ್ಪ ಫೋನು ತೆಗೆದುಕೊಂಡು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಆಮೇಲೆ ಅದನ್ನು ಜೋಪಾನವಾಗಿ ಶರ್ಟಿನ ಜೇಬಿಗೆ ಇಳಿಸಿಕೊಂಡರು.

“ಕಾಣ್ತಿಲ್ಲ ಅಳಿಯಂದಿರೇ,” ಅಂದರು. “ಗುರುವಾರ ಆಪರೇಷನ್ ಆಗಲಿ. ಕಣ್ಣಿನ ಪಟ್ಟಿ ಬಿಚ್ಚಲಿ. ಗುಂಡಿ ಎಲ್ಲಿದೆ ಅಂತ ಸರಿಯಾಗಿ ನೋಡಿ ಒತ್ತುತ್ತೀನಿ.”